ಹೃದಯದ ಲಗಾಮು

ಈ ಹೊತ್ತು ನಾನು ವಿವರಿಸಬೇಕೆಂದಿರುವ ನರಗಳ ಕೆಲಸವನ್ನು ಶ್ರೋತೃಗಳು ತಮ್ಮ ಬೆರಳಿನಿಂದಲೇ ಮುಟ್ಟಿ ತಿಳಿಯಬಹುದು. ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡಕ್ಕೆ ತುಸು ಕೆಳಗೆ ಇಟ್ಟು ನಾಡಿಯನ್ನು ಹಿಡಿಯಿರಿ. ಆಮೇಲೆ ನಿಮಿಷಕ್ಕೆ 6 ಸಲ ಮಾತ್ರ ಆಗುವಂತೆ ದೀರ್ಘವಾಗಿ ಉಸಿರೆಳೆದು, ಅಷ್ಟೇ ನಿಧಾನವಾಗಿ ಬಿಡಿ. ಉಸಿರನ್ನು ಒಳಕ್ಕೆ ಎಳೆಯುವಾಗ ನಾಡಿಯು ತ್ವರೆಗೊಳ್ಳುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮನೆಯ ಹುಡುಗರ ಕೈ ಹಿಡಿದು ನೋಡಿದರಂತೂ ಈ ಏರಿಳಿತವು ಬಹು ಸ್ಪಷ್ಟ. ವಯಸ್ಸಾದಂತೆ ಅದು ತಗ್ಗುತ್ತ ಬರುತ್ತದೆ. ಹೃದಯಕ್ಕೆ ಈಗ ಓಡು, ಈಗ ತಡೆ ಎಂದು ಅಪ್ಪಣೆ ಮಾಡಿದವರು ನಾವಲ್ಲ. ಹಾಗಾದರೆ ಮಾಡಿದವರು ಯಾರು?

ಕೈಕಾಲುಗಳನ್ನು ಆಡಿಸತಕ್ಕ ನರಗಳು ನಮ್ಮ ಇಚ್ಛೆಗೆ ಅಧೀನವಾದುವು. ಹೃದಯ, ಜಠರ, ಕರುಳು, ಮೂತ್ರಕೋಶ, ರಕ್ತನಾಳ, ಬೆವರಿನ ಗ್ರಂಥಿ ಇವುಗಳಿಗೆ ಹೋಗತಕ್ಕ ನರಗಳ ಏರ್ಪಾಡೇ ಬೇರೆ. ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ಶರೀರಶಾಸ್ತ್ರಜ್ಞರು 1898ನೆಯ ಇಸವಿಯಲ್ಲಿ ಇದಕ್ಕೆ ಸ್ವಾಯತ್ತ ನರಮಂಡಲ ಎಂಬರ್ಥದ ಹೆಸರನ್ನಿಟ್ಟರು. ಆ ಹೆಸರು ಇರುವುದಕ್ಕಿಂತ ಸ್ವಲ್ಪ ಹೆಚ್ಚನ್ನೇ ಹೇಳುತ್ತದೆಂದು ನನ್ನ ಭಾವನೆ. ಈ ಸ್ವಾಯತ್ತತೆಯು ನಮ್ಮ ಪುರಸಭೆಗಳ ಸ್ವಾಯತ್ತತೆಯಂತೆ; ದಿನದಿನದ ವ್ಯವಹಾರವೆಲ್ಲ ತನ್ನದಾದರೂ ಮೇಲಿನವರ ಕೈ ಪೂರ್ತಿಯಾಗಿ ತಪ್ಪಿದ್ದಲ್ಲ. ಭಯ, ಕೋಪ, ನಾಚಿಕೆ ಇವೆಲ್ಲ ಮೆದುಳಿನಿಂದ ಇಳಿದುಬಂದು ಅದನ್ನು ಕಲಕುವುದುಂಟು.

ಈ ಮಂಡಲದಲ್ಲಿ ಎರಡು ಪಕ್ಷಗಳಿವೆ. ಬೆನ್ನುಹುರಿಯ ಎದೆಯ ಭಾಗದಿಂದಲೂ ಸೊಂಟದ ಮೇಲ್ಭಾಗದಿಂದಲೂ ಹೊರಡುವ ಪಕ್ಷವನ್ನು ಸಿಂಪಥೆಟಿಕ್ ಎಂದೂ, ಮೆದುಳಿನ ಕಾಂಡದಿಂದಲೂ ಬೆನ್ನುಹುರಿಯ ಕಟ್ಟಕಡೆಯಿಂದಲೂ ಹೊರಡುವುದನ್ನು ಪ್ಯಾರಾಸಿಂಪಥೆಟಿಕ್ ಎಂದೂ ವೈದ್ಯರು ಕರೆಯುತ್ತಾರೆ. ಎರಡನೆಯ ಪಕ್ಷದ ಮುಖಂಡನೇ ವೇಗಸ್ ನರ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಅಲೆಮಾರಿ ಎಂದರ್ಥ. ತಲೆಯಿಂದ ಹೊರಟು ಕೊರಳಿನ ಮೂಲಕ ಎದೆಗಿಳಿದು, ಹೃದಯ ಶ್ವಾಸಕೋಶಗಳನ್ನು ಮಾತನಾಡಿಸಿ, ಜಠರವನ್ನೂ ಕರುಳಿನ ಬಹುಭಾಗವನ್ನೂ ಸುತ್ತಾಡಿ ಬರುವ ಈ ನರಕ್ಕೆ ಅದು ಒಪ್ಪುವ ಹೆಸರೇ ಸರಿ.

ಹೃದಯವು ಬಡಿಯುವುದಕ್ಕೆ ನರಗಳ ಹಂಗಿಲ್ಲ. ಅದರ ಗೋಡೆಯಲ್ಲಿರುವ ಒಂದು ಸಣ್ಣ ಗಂಟು ತಾನಾಗಿಯೇ ತಾಳ ಹಾಕುತ್ತಿರುತ್ತದೆ. ಎಲ್ಲ ನರಗಳನ್ನೂ ಬಿಡಿಸಿದರೆ ಆ ತಾಳವು ನಿಮಿಷಕ್ಕೆ ಸುಮಾರು 100. ಸುಮ್ಮನೆ ಕುಳಿತವರ ನಾಡಿಯಾದರೋ ಸುಮಾರು 70. ಇದರಿಂದ ತಿಳಿಯತಕ್ಕುದೇನು? ಓಡಬಯಸುವ ಕುದುರೆಯನ್ನು ಸವಾರನು ಹಿಡಿದಿರುವಂತೆ, ವೇಗಸ್ ನರವು ಹಗಲಿರುಳೂ ಲಗಾಮನ್ನು ಬಿಗಿಹಿಡಿದಿದೆ. 1967ರಲ್ಲಿ ಕೇಪ್ ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಮತ್ತೊಬ್ಬನಿಗೆ ಮೊದಲು ಕಸಿಮಾಡಿದ ಮೇಲೆ, ಇದಕ್ಕೆ ಮನುಷ್ಯರಲ್ಲಿಯೇ ಸಾಕ್ಷ್ಯ ದೊರೆಯಿತು. ಹೊಸ ಹೃದಯಕ್ಕೆ ರಕ್ತನಾಳಗಳನ್ನು ಹೊಲಿಯಬಹುದು, ನರಗಳನ್ನು ಹೊಲಿಯುವುದಿಲ್ಲ. ಅಂಥವರ ನಾಡಿಯು ವಿಶ್ರಾಂತಿಯಲ್ಲಿಯೂ 90, 100ರ ಆಸುಪಾಸಿನಲ್ಲಿರುತ್ತದೆ. ಅವರು ಮೆಟ್ಟಲು ಹತ್ತತೊಡಗಿದರೆ ಅದು ಕೂಡಲೆ ಏರದೆ, ರಕ್ತದಲ್ಲಿ ಅಡ್ರೆನಲಿನ್ ಹರಿದುಬಂದ ಮೇಲೆ ಮೆಲ್ಲಗೆ ಏರುತ್ತದೆ.

ನರವೊಂದು ಕೆಲಸವನ್ನು ತಡೆಯಬಲ್ಲದೆಂಬುದನ್ನೇ ಹಿಂದಿನವರು ಊಹಿಸಿರಲಿಲ್ಲ. 1845ರಲ್ಲಿ ಜರ್ಮನಿಯ ವೇಬರ್ ಸೋದರರು ವೇಗಸ್ ನರಕ್ಕೆ ವಿದ್ಯುತ್ತನ್ನು ತಾಗಿಸಿದಾಗ ಹೃದಯವು ನಿಂತೇಹೋಯಿತು. ಪಂಡಿತರಿಗೆ ಇದು ದೊಡ್ಡ ಆಶ್ಚರ್ಯವಾಯಿತು. ಆ ತಡೆ ಹೇಗೆ ನಡೆಯುತ್ತದೆಂಬುದು ಮುಕ್ಕಾಲು ಶತಮಾನ ಬಗೆಹರಿಯಲಿಲ್ಲ. ಆಸ್ಟ್ರಿಯದ ಗ್ರಾಜ್ ನಗರದಲ್ಲಿದ್ದ ಆಟೋ ಲೋವಿಯವರಿಗೆ ಇದರ ಉಪಾಯವು ಕನಸಿನಲ್ಲಿ ಹೊಳೆಯಿತಂತೆ. ಮೊದಲ ರಾತ್ರಿ ಎದ್ದು ಬರೆದಿಟ್ಟುಕೊಂಡದ್ದನ್ನು ಬೆಳಗ್ಗೆ ಓದಲಾರದೆ ಹೋದರು. ಮರುರಾತ್ರಿ ಅದೇ ಕನಸು ಬೀಳಲು ನೇರವಾಗಿ ಪ್ರಯೋಗಶಾಲೆಗೆ ನಡೆದರು. ಹೀಗೆಂದು ಅವರೇ ಹೇಳಿಕೊಂಡಿದ್ದಾರೆ. ಮಾಡಿದ್ದಿಷ್ಟು: ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿ ಬಡಿಯಗೊಟ್ಟು, ಒಂದರ ವೇಗಸ್ ನರವನ್ನು ಕೆರಳಿಸಿದರು, ಅದು ನಿಧಾನವಾಯಿತು. ಅದರ ನೀರನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಯಾವ ನರವೂ ಮುಟ್ಟದ ಆ ಹೃದಯವೂ ನಿಧಾನವಾಯಿತು! ನರದ ತುದಿಯಿಂದ ಒಂದು ದ್ರವ್ಯವು ಸುರಿದು ಅಪ್ಪಣೆಯನ್ನು ಮುಟ್ಟಿಸುತ್ತದೆಂಬುದು ಹೀಗೆ ಗೊತ್ತಾಯಿತು. ಲೋವಿಯವರು ಇದನ್ನು 1921ರಲ್ಲಿ ಪ್ರಕಟಿಸಿದರು. 1936ರಲ್ಲಿ ಇಂಗ್ಲೆಂಡಿನ ಡೇಲ್ ಅವರೊಡನೆ ನೊಬೆಲ್ ಬಹುಮಾನವನ್ನು ಪಡೆದರು. ಆ ದ್ರವ್ಯವೇ ಅಸಿಟೈಲ್‌ಕೋಲಿನ್.

ಸಿಂಪಥೆಟಿಕ್ ಪಕ್ಷದ ಕೆಲಸ ಇದಕ್ಕೆ ಎದುರಾದದ್ದು. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಗುಟ್ಟುವುದು, ಕಣ್ಣಿನ ಪಾಪೆ ಅಗಲವಾಗುವುದು, ಅಂಗೈ ಬೆವರುವುದು, ಹಸಿವು ಅಡಗುವುದು ಎಲ್ಲವೂ ಅದರದೇ. ಆದರೆ ಅದು ಆಪತ್ಕಾಲಕ್ಕೆ ಮಾತ್ರ ಎಂದು ತಿಳಿಯಲಾಗದು. ಹಾಸಿಗೆಯಿಂದ ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಕ್ಕ ರಕ್ತವು ಕಾಲು ಹೊಟ್ಟೆಗಳ ಕಡೆಗೆ ಇಳಿಯುತ್ತದೆ. ಕೊರಳಿನ ದೊಡ್ಡ ರಕ್ತನಾಳಗಳಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲಿಯೂ ಇರುವ ಕಾವಲುಗಾರರು ಒತ್ತಡ ತಗ್ಗಿತೆಂದು ಮೆದುಳಿನ ಕಾಂಡಕ್ಕೆ ಸುದ್ದಿ ಕಳುಹಿಸುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ವೇಗಸ್ ಲಗಾಮನ್ನು ಸಡಿಲಿಸುತ್ತದೆ, ಸಿಂಪಥೆಟಿಕ್ ನರಗಳು ಕೆಳಗಿನ ರಕ್ತನಾಳಗಳನ್ನು ಬಿಗಿಯುತ್ತವೆ. ನಮಗೆ ಇದಾವುದೂ ತಿಳಿಯುವುದಿಲ್ಲ.

ತಿಳಿಯುವುದು ಕೆಟ್ಟಾಗಲೇ. ಬಹುಕಾಲದ ಮಧುಮೇಹವು ಪಾದಗಳ ನರಗಳನ್ನು ಜೋಮು ಹಿಡಿಸುವುದನ್ನು ಎಲ್ಲರೂ ಬಲ್ಲರು. ಅದೇ ರೋಗವು ಈ ಒಳನರಗಳನ್ನೂ ಸವೆಸುತ್ತದೆಂಬುದನ್ನು ರೋಗಿಗಳಲ್ಲಿ ಅನೇಕರು ಕೇಳಿಯೇ ಇರುವುದಿಲ್ಲ. ಉದ್ದವಾದ ನರಗಳಿಗೆ ಮೊದಲ ಪೆಟ್ಟಾದ್ದರಿಂದ ಅಲೆಮಾರಿಯು ಬೇಗನೆ ಸಿಕ್ಕಿಬೀಳುತ್ತಾನೆ. ಆಗ ಉಸಿರಿನೊಡನೆ ನಾಡಿ ಏರಿಳಿಯುವುದು ನಿಲ್ಲುತ್ತದೆ. ಹೃದಯದ ವಿದ್ಯುಲ್ಲೇಖನದಲ್ಲಿ ವೈದ್ಯರು ಹುಡುಕುವ ಮೊದಲ ಕುರುಹುಗಳಲ್ಲಿ ಇದೊಂದು. ಬಳಿಕ ವಿಶ್ರಾಂತಿಯ ನಾಡಿಯೇ ಹೆಚ್ಚುತ್ತದೆ. ಜಠರವು ಅನ್ನವನ್ನು ಮುಂದಕ್ಕೆ ತಳ್ಳಲಾರದೆ ತಡಮಾಡುತ್ತದೆ.

ಇವುಗಳಿಗಿಂತ ಅಪಾಯಕರವಾದುದು ಅಪಾಯದ ಸುಳಿವೇ ತಪ್ಪಿಹೋಗುವುದು. ರಕ್ತದಲ್ಲಿ ಸಕ್ಕರೆ ಇಳಿದಾಗ ಬೆವರು, ನಡುಕ, ಎದೆಬಡಿತಗಳಿಂದ ಎಚ್ಚರಿಸುತ್ತಿದ್ದುದು ಸಿಂಪಥೆಟಿಕ್ ಪಕ್ಷ. ಅದು ಮೌನವಾದರೆ ಮನುಷ್ಯನು ಎಚ್ಚರಿಕೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಹೃದಯದಿಂದ ನೋವನ್ನು ಹೊತ್ತು ತರುವ ನರಗಳೂ ಕೆಟ್ಟಿದ್ದರೆ, ಹೃದಯಾಘಾತವೇ ಎದೆನೋವಿಲ್ಲದೆ, ಕೇವಲ ಆಯಾಸವೋ ಏದುಸಿರೋ ಆಗಿ ಬರಬಹುದು. ಇಂಥವರ ಮನೆಯವರು ಅಜೀರ್ಣವಿರಬೇಕೆಂದು ಕಾಯುತ್ತ ಕೂರಬಾರದು.

ಎದ್ದಾಗ ಕಣ್ಣು ಕತ್ತಲೆಗಟ್ಟುವವರ ರಕ್ತದೊತ್ತಡವನ್ನು ವೈದ್ಯರು ಮಲಗಿಸಿ ಒಮ್ಮೆ, ನಿಲ್ಲಿಸಿ 3 ನಿಮಿಷದೊಳಗೆ ಮತ್ತೊಮ್ಮೆ ಅಳೆಯುತ್ತಾರೆ. ಮೇಲಿನ ಅಂಕಿ 20 ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು ಇಳಿದರೆ ಕಾರಣವನ್ನು ಹುಡುಕಬೇಕಾಗುತ್ತದೆ. ನರಗಳಲ್ಲದೆ, ನೀರು ಸಾಲದಿರುವುದು, ಒತ್ತಡ ತಗ್ಗಿಸುವ ಔಷಧಿಗಳು ಮುಂತಾದುವೂ ಹೀಗೆ ಮಾಡುವುದುಂಟು. ಹಾಗೆಂದು ಔಷಧಿಯನ್ನು ತಾವಾಗಿ ಬಿಡತಕ್ಕುದಲ್ಲ. ರಾತ್ರಿ ಏಳಬೇಕಾದಾಗ ಕಾಲನ್ನು ಇಳಿಬಿಟ್ಟು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಆಮೇಲೆ ಏನನ್ನಾದರೂ ಹಿಡಿದು ನಿಲ್ಲುವುದು ಅಂಥವರಿಗೆ ಕ್ಷೇಮ.