ಮೈದಾ ಬಿಟ್ಟರೆ ಸಾಕೇ? ಹಿಟ್ಟಿಲ್ಲದ ಚಾಕೊಲೇಟ್ ಕೇಕ್: ತಪ್ಪು ಕಲ್ಪನೆ ಮತ್ತು ಸತ್ಯ

ಹಿಟ್ಟಿಲ್ಲದ ಚಾಕೊಲೇಟ್ ಕೇಕಿಗೆ ಬೇಕಾಗುವುದು ಚಾಕೊಲೇಟ್, ಬೆಣ್ಣೆ, ಮೊಟ್ಟೆ ಮತ್ತು ಸಿಹಿ, ಇಷ್ಟೇ. ಮೈದಾ ಇಲ್ಲ, ಗೋಧಿ ಇಲ್ಲ, ಬೇಕಿಂಗ್ ಪೌಡರ್ ಕೂಡ ಇಲ್ಲ. ಮೈದಾ ಇಲ್ಲ ಎಂಬ ಒಂದೇ ಕಾರಣಕ್ಕೆ ಇದನ್ನು ಕಡಿಮೆ ಕಾರ್ಬ್‌ನ ತಿನಿಸು ಎಂದುಕೊಳ್ಳುವವರು ಬಹಳ. ಈ ಕೇಕಿನ ಸುತ್ತ ಬೆಳೆದಿರುವ ತಪ್ಪು ಕಲ್ಪನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಶೇ. 55ರ ಚಾಕೊಲೇಟ್ 200 ಗ್ರಾಂ, ಸಕ್ಕರೆ 200 ಗ್ರಾಂ ಹಾಕಿ ಮಾಡುವ ಕೇಕನ್ನೇ ತೆಗೆದುಕೊಳ್ಳಬಹುದು. ಶೇ. 55 ಎಂದರೆ ಅದರಲ್ಲಿ ಅಷ್ಟು ಭಾಗ ಕೋಕೋ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಸಕ್ಕರೆ. ಹಾಗಾಗಿ ಚಾಕೊಲೇಟಿನಿಂದಲೇ ಸುಮಾರು 90 ಗ್ರಾಂ ಸಕ್ಕರೆ ಬರುತ್ತದೆ. ಮೇಲೆ ಹಾಕಿದ 200 ಗ್ರಾಂ ಸೇರಿ ಒಟ್ಟು 290. ಹತ್ತು ಹೋಳು ಮಾಡಿದರೆ ಹೋಳಿಗೆ 29 ಗ್ರಾಂ, ಅಂದರೆ ಆರು ಟೀ ಚಮಚದಷ್ಟು. ಮೈದಾ ಕೇಕಿನಲ್ಲಿ 200 ಗ್ರಾಂ ಮೈದಾ ಬಿದ್ದಿದ್ದರೂ ಅದರಿಂದ ಬರುತ್ತಿದ್ದ ಪಿಷ್ಟ ಸುಮಾರು 150 ಗ್ರಾಂ. ಮೈದಾ ತೆಗೆದಾಗ ಕಾರ್ಬೊಹೈಡ್ರೇಟಿನ ಸಣ್ಣ ಪಾಲು ಹೋಯಿತು, ದೊಡ್ಡ ಪಾಲು ಸಕ್ಕರೆಯ ರೂಪದಲ್ಲಿ ಪಾತ್ರೆಯಲ್ಲೇ ಉಳಿಯಿತು.

ಇದು ಈಚಿನ ಡಯಟ್ ಖಯಾಲಿಯಿಂದ ಹುಟ್ಟಿದ ಕೇಕ್ ಎಂಬುದೂ ತಪ್ಪೇ. ಇಟಲಿಯ ಕಾಪ್ರಿ ದ್ವೀಪದ ತೋರ್ತಾ ಕಾಪ್ರೇಸೆ ಎಂಬ ಕೇಕು ಚಾಕೊಲೇಟ್, ಬಾದಾಮಿ, ಬೆಣ್ಣೆ, ಮೊಟ್ಟೆ, ಸಕ್ಕರೆಗಳಿಂದಾದದ್ದು. 1920ರ ಸುಮಾರಿಗೆ ಅಡುಗೆಯವನೊಬ್ಬ ಹಿಟ್ಟು ಹಾಕಲು ಮರೆತದ್ದರಿಂದ ಅದು ಹುಟ್ಟಿತೆಂಬ ಕಥೆಯೂ ಅಲ್ಲಿ ಪ್ರಚಲಿತವಾಗಿದೆ. ಹುಳಿಬರಿಸಿದ ಧಾನ್ಯವನ್ನು ಮುಟ್ಟದ ಪಾಸೋವರ್ ಹಬ್ಬದ ದಿನಗಳಲ್ಲಿ ಯೆಹೂದಿ ಮನೆಗಳಲ್ಲಿ ಇಂಥ ಕೇಕುಗಳನ್ನು ಮಾಡುತ್ತಾರೆ. ಇವುಗಳಲ್ಲಿ ಯಾವುದೂ ಸಕ್ಕರೆ ಕಡಿಮೆ ಮಾಡಲೆಂದು ಹುಟ್ಟಿದ್ದಲ್ಲ. ಕಡಿಮೆ ಕಾರ್ಬ್ ಆಗಬೇಕಾದರೆ ಹಿಟ್ಟಿನ ಜೊತೆ ಸಕ್ಕರೆಯೂ ಹೋಗಬೇಕು. ಹೋದ ಅವೆರಡೂ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕು. ಮನೆಯಲ್ಲಿ ಕೇಕ್ ಕೈಕೊಡುವುದು ಹೆಚ್ಚಾಗಿ ಈ ಎರಡನೆಯ ಮಾತನ್ನು ಮರೆತಾಗ.

ಇನ್ನೊಂದು ಕಡೆ, ಚಾಕೊಲೇಟ್ ಎಂದರೇ ಸಕ್ಕರೆ, ಕಡಿಮೆ ಕಾರ್ಬ್ ಊಟಕ್ಕೂ ಅದಕ್ಕೂ ಆಗಿಬರದು ಎನ್ನುವವರಿದ್ದಾರೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆದವರಿಗೆ ಇದು ಸರಿಯಲ್ಲವೆಂದು ಗೊತ್ತು. ಹುದುಗಿಸಿ ಒಣಗಿಸಿದ ಕೋಕೋ ಬೀಜ ಬಾಯಿಗೆ ಕಹಿ, ಒಗರು. ಸಿಪ್ಪೆ ತೆಗೆದ ಬೀಜದ ತೂಕದಲ್ಲಿ ಸುಮಾರು ಅರ್ಧ ಕೊಬ್ಬೇ. ಕೋಕೋ ಬೆಣ್ಣೆ ಎನ್ನುವುದು ಇದನ್ನೇ. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಆ ಕಹಿ ಬೀಜ ಸಿಹಿಯಾಗುವುದು ಇಂಥ ಕಾರ್ಖಾನೆಗಳಲ್ಲಿ ಸಕ್ಕರೆ ಸೇರಿದ ಮೇಲೆ. ಹಾಗಾಗಿ ನೋಡಬೇಕಾದದ್ದು ಎಷ್ಟು ಸಕ್ಕರೆ ಸೇರಿದೆ ಎಂಬುದನ್ನು. ಶೇ. 85ರ ಚಾಕೊಲೇಟಿನ 100 ಗ್ರಾಂನಲ್ಲಿ ಸಕ್ಕರೆ 15 ಗ್ರಾಂ ದಾಟುವುದಿಲ್ಲ.

ಅಂಗಡಿಯಲ್ಲಿ ಮೋಸ ಹೋಗುವ ಜಾಗವೂ ಇದೇ. ಮನೆಯಲ್ಲಿ ಕೇಕ್ ಮಾಡುವವರು ಹೆಚ್ಚಾಗಿ ಕೊಳ್ಳುವುದು ಡಾರ್ಕ್ ಕಾಂಪೌಂಡ್ ಎಂಬ ಇಟ್ಟಿಗೆ ಆಕಾರದ ಗಟ್ಟಿಯನ್ನು. ಹೆಸರಿನಲ್ಲಿ ಡಾರ್ಕ್ ಇದೆ, ಬಣ್ಣವೂ ಕಡುಕಪ್ಪು. ಆದರೆ ಅದರ ಹಿಂಬದಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿದರೆ ಸಾಮಾನ್ಯವಾಗಿ ಮೊದಲು ಸಿಗುವ ಪದ ಸಕ್ಕರೆ. ಆಮೇಲೆ ಸಸ್ಯಜನ್ಯ ಕೊಬ್ಬು, ಅದಾದ ಮೇಲೆ ಕೋಕೋ ಪುಡಿ. ಪಟ್ಟಿಯಲ್ಲಿ ಹೆಸರುಗಳು ತೂಕದ ಇಳಿಕೆ ಕ್ರಮದಲ್ಲಿ ಬರುವುದರಿಂದ ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಸಕ್ಕರೆಯೇ. ಕಾಂಪೌಂಡ್ ಬಳಸಿದ ಕೇಕನ್ನು ಎಷ್ಟೇ ಜಾಣತನದಿಂದ ಮಾಡಿದರೂ ಅದು ಕಡಿಮೆ ಕಾರ್ಬ್ ಆಗುವುದಿಲ್ಲ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಚಾಕೊಲೇಟಿನಲ್ಲೂ ಮಾಲ್ಟಿಟಾಲ್ ಎಂಬ ಬದಲಿ ಸಿಹಿ ಇದೆಯೇ ಎಂದು ನೋಡಬೇಕು. ಅದು ರಕ್ತದ ಸಕ್ಕರೆಯನ್ನು ಸಕ್ಕರೆಯಷ್ಟಲ್ಲದಿದ್ದರೂ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯೂ ಆಗುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಯಿತು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇದೆ, ಪರಿಮಳ ಇದೆ. ಆದರೆ ಅದರ ಬಹುಭಾಗ ಸಕ್ಕರೆಯಲ್ಲಿರುವ ಸುಕ್ರೋಸೇ. ಜೇನುತುಪ್ಪದ 100 ಗ್ರಾಂನಲ್ಲಿ ಸುಮಾರು 82 ಗ್ರಾಂ ಕಾರ್ಬೊಹೈಡ್ರೇಟ್, ಒಣ ಖರ್ಜೂರದಲ್ಲಿ 75ರ ಆಸುಪಾಸು. ಮೈದಾ ಬದಲು ರಾಗಿ, ಓಟ್ಸ್, ಅಕ್ಕಿಹಿಟ್ಟು ಎಂಬ ಸಲಹೆಗೂ ಇದೇ ಉತ್ತರ. ರಾಗಿ ಒಳ್ಳೆಯ ಧಾನ್ಯ, ನಾರು ಹೆಚ್ಚು, ಆದರೂ ಅದರ ತೂಕದ ಮೂರನೇ ಎರಡು ಪಾಲು ಕಾರ್ಬೊಹೈಡ್ರೇಟೇ. ಅಕ್ಕಿಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದಿರಬಹುದು, ಪಿಷ್ಟಕ್ಕೇನೂ ಕೊರತೆಯಿಲ್ಲ. ಬಾದಾಮಿ ಪುಡಿಯಲ್ಲಿ ನಾರು ಕಳೆದು ಉಳಿಯುವ ಕಾರ್ಬೊಹೈಡ್ರೇಟ್ 100 ಗ್ರಾಂಗೆ 9 ಮಾತ್ರ. ಗೋಡಂಬಿಯಲ್ಲಿ ಅದು 27ರಷ್ಟು, ಹಾಗಾಗಿ ಒಂದರ ಬದಲು ಇನ್ನೊಂದನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ.

ಕಡಿಮೆ ಕಾರ್ಬ್‌ನ ನಿಜವಾದ ಅಳತೆ ಹೀಗಿರಬಹುದು: ಶೇ. 85ರ ಚಾಕೊಲೇಟ್ 200 ಗ್ರಾಂ, ಬೆಣ್ಣೆ 120 ಗ್ರಾಂ, ಮೊಟ್ಟೆ 5, ಸಿಹಿಯಿಲ್ಲದ ಕೋಕೋ ಪುಡಿ 20 ಗ್ರಾಂ, ಎರಿಥ್ರಿಟಾಲ್ ಎಂಬ ಬದಲಿ ಸಿಹಿ 100 ಗ್ರಾಂ, ಚಿಟಿಕೆ ಉಪ್ಪು. ಹತ್ತು ಹೋಳು ಮಾಡಿದರೆ ಎರಿಥ್ರಿಟಾಲ್ ಮತ್ತು ನಾರು ಬಿಟ್ಟು ಹೋಳಿಗೆ ಸುಮಾರು 5 ಗ್ರಾಂ ಕಾರ್ಬೊಹೈಡ್ರೇಟ್.

ಹಿಟ್ಟೇ ಇಲ್ಲದೆ ಕೇಕ್ ನಿಲ್ಲುವುದಾದರೂ ಹೇಗೆ ಎಂಬ ಅನುಮಾನ ಸಹಜ. ಗಿಣ್ಣು ನೋಡಿದವರಿಗೆ ಉತ್ತರ ಕಣ್ಣೆದುರಿಗೇ ಇದೆ. ಕರು ಹಾಕಿದ ಹಸುವಿನ ಮೊದಲ ಹಾಲನ್ನು ಹಬೆಯಲ್ಲಿಟ್ಟರೆ ಹಿಟ್ಟಿಲ್ಲದೆ, ಹೆಪ್ಪಿಲ್ಲದೆ ತಾನೇ ಗಟ್ಟಿಯಾಗುತ್ತದೆ. ಹಾಲಿನ ಪ್ರೋಟೀನು ಬಿಸಿಗೆ ಸುರುಳಿ ಬಿಚ್ಚಿ ಒಂದಕ್ಕೊಂದು ಹೆಣೆದುಕೊಂಡು ನೀರನ್ನು ತನ್ನೊಳಗೆ ಹಿಡಿದಿಡುವುದರಿಂದ ಹೀಗಾಗುತ್ತದೆ. ಈ ಕೇಕಿನಲ್ಲಿ ಆ ಕೆಲಸ ಮೊಟ್ಟೆಯದು. ಬಿಳಿ ಭಾಗ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಬಿಗಿಯಲು ತೊಡಗುತ್ತದೆ, ಹಳದಿ 65ರಿಂದ 70ರ ನಡುವೆ. ಗಿಣ್ಣನ್ನು ಹೆಚ್ಚು ಹೊತ್ತು ಬೇಯಿಸಿದರೆ ಏನಾಗುತ್ತದೆಂಬುದೂ ಹಳ್ಳಿಯವರಿಗೆ ಗೊತ್ತು: ತೂತು ಬಿದ್ದು, ನೀರೊಡೆದು, ರಬ್ಬರಿನಂತಾಗುತ್ತದೆ. ಕೇಕಿನ ಗತಿಯೂ ಅದೇ. ‘ಮೊಟ್ಟೆ ವಾಸನೆ ಬರುತ್ತದೆ’ ಎಂಬ ದೂರಿಗೂ ಸಾಮಾನ್ಯವಾಗಿ ಕಾರಣ ಮೊಟ್ಟೆ ಹೆಚ್ಚು ಬೆಂದದ್ದೇ ಹೊರತು ಮೊಟ್ಟೆಯ ಸಂಖ್ಯೆಯಲ್ಲ.

ಸಕ್ಕರೆಯ ವಿಷಯದಲ್ಲಿ ಇರುವ ದೊಡ್ಡ ಭ್ರಮೆ ಅದು ಸಿಹಿಗಾಗಿ ಮಾತ್ರ ಎಂಬುದು. ಸಕ್ಕರೆ ನೀರನ್ನು ಹಿಡಿದುಕೊಂಡು ಕೇಕನ್ನು ಮೆತ್ತಗಿಡುತ್ತದೆ, ನೊರೆಯನ್ನು ಕಾಯುತ್ತದೆ, ಮೊಟ್ಟೆ ಬಿಗಿಯುವುದನ್ನು ತಡಮಾಡುತ್ತದೆ. ಅದನ್ನು ತೆಗೆದರೆ ಮೊಟ್ಟೆ ಬೇಗ ಬಿಗಿಯುತ್ತದೆ, ಕೇಕ್ ಒಣಗುತ್ತದೆ. ನಾಲ್ಕು ಹನಿ ಸ್ಟೀವಿಯಾ ಹಾಕಿದರೆ ಸಿಹಿಯೇನೋ ಬರುತ್ತದೆ, ಸಕ್ಕರೆಗಿಂತ ಇನ್ನೂರು ಪಾಲು ಮಿಗಿಲಾದ ಸಿಹಿ ಅದು. ಆದರೆ 200 ಗ್ರಾಂ ಸಕ್ಕರೆಯ ಗಾತ್ರ, ಒದ್ದೆ ಹಿಡಿಯುವ ಗುಣ ಅದಕ್ಕೆಲ್ಲಿಂದ ಬರಬೇಕು? ಗಾತ್ರ ಕೊಡುವಂಥದ್ದು ಎರಿಥ್ರಿಟಾಲ್. ಅದರ ಸಿಹಿ ಸಕ್ಕರೆಯ ಶೇ. 60ರಿಂದ 70ರಷ್ಟು, ರಕ್ತದ ಸಕ್ಕರೆಯನ್ನು ಅದು ಬಹುತೇಕ ಏರಿಸುವುದಿಲ್ಲ. ಅದಕ್ಕೂ ದೋಷಗಳಿವೆ. ಫ್ರಿಜ್‌ನಲ್ಲಿ ಒಂದು ರಾತ್ರಿ ಕಳೆದ ಕೇಕನ್ನು ಕಚ್ಚಿದರೆ ಹಲ್ಲಿಗೆ ಕಲ್ಲುಸಕ್ಕರೆ ಪುಡಿ ಸಿಕ್ಕಂತೆ ಕರಕರ ಎನ್ನುತ್ತದೆ, ನಾಲಿಗೆಗೆ ಪುದೀನ ತಾಗಿದಂತೆ ತಣ್ಣಗಾಗುತ್ತದೆ. ಕರಗಿದ ಎರಿಥ್ರಿಟಾಲ್ ಮತ್ತೆ ಹರಳುಗಟ್ಟುವುದೇ ಆ ಕರಕರಕ್ಕೆ ಕಾರಣ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಪ್ರಮಾಣ ಇಳಿಸಿ, ಕಡಿಮೆಯಾದ ಸಿಹಿಯನ್ನು ಚಿಟಿಕೆ ಸ್ಟೀವಿಯಾದಿಂದ ತುಂಬಿದರೆ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ಇಂಥ ಸಿಹಿಗಳು ಸಂಪೂರ್ಣ ನಿರಪಾಯ ಎಂಬ ಮಾತನ್ನೂ ಹಾಗೇ ಒಪ್ಪುವಂತಿಲ್ಲ. ತೂಕ ಇಳಿಸಲೆಂದು ಸಕ್ಕರೆಯಲ್ಲದ ಸಿಹಿಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಸ್ಟೀವಿಯಾ ಆ ಪಟ್ಟಿಯಲ್ಲಿದೆ; ಎರಿಥ್ರಿಟಾಲ್‌ನಂಥವು ಇಲ್ಲ, ಮತ್ತು ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅದೇ ವರ್ಷ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿರುವುದಕ್ಕೂ ಹೃದಯಾಘಾತ, ಪಾರ್ಶ್ವವಾಯುಗಳಿಗೂ ನಂಟು ಕಂಡಿತು. ನಂಟು ಎಂದರೆ ಕಾರಣ ಎಂದಲ್ಲ, ದೇಹವೇ ಅದನ್ನು ಸ್ವಲ್ಪ ತಯಾರಿಸುತ್ತದೆ ಕೂಡ. ಆದರೂ ದಿನವೂ ತಿನ್ನುವ ಬದಲು ಅಪರೂಪದ ತಿನಿಸಾಗಿ ಇಟ್ಟುಕೊಳ್ಳುವುದು ಕ್ಷೇಮ.

ಚಾಕೊಲೇಟ್ ಕರಗಿಸುವಾಗ ಒಂದು ಹನಿ ನೀರು ಬಿದ್ದರೆ ಎಲ್ಲ ಕೆಟ್ಟಿತು ಎಂಬುದು ಅರ್ಧ ಸತ್ಯ. ಪರಿಮಳಕ್ಕೆಂದು ಅರ್ಧ ಚಮಚ ಕಾಫಿ ಡಿಕಾಕ್ಷನ್ ಸುರಿದ ಕೂಡಲೇ ನುಣ್ಣಗಿದ್ದ ಚಾಕೊಲೇಟ್ ಹೊಳಪು ಕಳೆದುಕೊಂಡು ಮರಳುಮರಳಾದ ಉಂಡೆಯಾಗುವುದುಂಟು. ಆ ಸ್ವಲ್ಪ ನೀರಿಗೆ ಅದರಲ್ಲಿರುವ ಸಕ್ಕರೆ, ಕೋಕೋ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಸೆಯಬೇಕಾಗಿಲ್ಲ. ಬಿಸಿ ನೀರನ್ನೋ ಡಿಕಾಕ್ಷನ್ನನ್ನೋ ಚಮಚ ಚಮಚವಾಗಿ ಇನ್ನಷ್ಟು ಹಾಕಿ ಕಲಕಿದರೆ ಮತ್ತೆ ನುಣ್ಣಗಾಗುತ್ತದೆ. ಕೆಡಿಸಿದ್ದು ಸ್ವಲ್ಪ ನೀರು, ಸರಿಪಡಿಸುವುದು ಹೆಚ್ಚು ನೀರು. ಮೊದಲೇ ಬೆಣ್ಣೆಯೊಂದಿಗೆ ಸೇರಿಸಿ, ಕುದಿಯುವ ನೀರು ತಾಗದಂತೆ ಮೇಲಿಟ್ಟ ಪಾತ್ರೆಯಲ್ಲಿ ಕರಗಿಸಿದರೆ ಈ ಪಾಡೇ ಇಲ್ಲ. ಕರಗಿದ್ದು ಉಗುರುಬೆಚ್ಚಗಾದ ಮೇಲೆ ಮೊಟ್ಟೆ ಸೇರಬೇಕು.

ಬೇಕಿಂಗ್ ಪೌಡರ್ ಇಲ್ಲದೆ ಉಬ್ಬದು ಎಂಬ ಚಿಂತೆ ಬೇಡ. ಮೊಟ್ಟೆಯನ್ನು ಬೀಟರಿನಲ್ಲಿ ನೊರೆ ಬರಿಸಿದಾಗ ಸೇರಿದ ಗಾಳಿ ಬಿಸಿಗೆ ಹಿಗ್ಗುತ್ತದೆ, ನೀರು ಹಬೆಯಾಗುತ್ತದೆ, ಅಷ್ಟು ಸಾಕು. ಬಿಳಿ ಭಾಗವನ್ನು ಬೇರೆಯಾಗಿ ನೊರೆ ಬರಿಸುವುದಾದರೆ ಪಾತ್ರೆಯಲ್ಲಿ ಜಿಡ್ಡಾಗಲಿ ಹಳದಿಯಾಗಲಿ ಇರಬಾರದು. ಒಲೆಯಿಂದ ತೆಗೆದ ಮೇಲೆ ಕೇಕ್ ನಡುವೆ ಕುಸಿದು ಮೇಲ್ಪದರ ಬಿರುಕು ಬಿಟ್ಟರೆ ಅದು ಸೋಲಲ್ಲ. ಗಾಳಿಯನ್ನು ಹಿಡಿದಿಡಲು ಹಿಟ್ಟಿನ ಗೋಡೆಯಿಲ್ಲದ ಮೇಲೆ ಆರಿದಾಗ ಅದು ಇಳಿಯಲೇಬೇಕು.

ಕಡ್ಡಿ ಚುಚ್ಚಿ ನೋಡಿ, ಶುಭ್ರವಾಗಿ ಹೊರಬಂದರೆ ಬೆಂದಿದೆ ಎಂಬ ನಿಯಮ ಮೈದಾ ಕೇಕಿನದು. ಅದನ್ನು ಇಲ್ಲಿಗೆ ತಂದರೆ ಕೇಕ್ ಕೆಡುವುದು ಖಂಡಿತ, ಏಕೆಂದರೆ ಕಡ್ಡಿ ಶುಭ್ರವಾಗುವ ಹೊತ್ತಿಗೆ ಮೊಟ್ಟೆ ಮಿತಿಮೀರಿ ಬೆಂದಿರುತ್ತದೆ. ಅಂಚು ನಿಂತು, ನಡುವಿನ ಎರಡು ಮೂರು ಇಂಚು ಪಾತ್ರೆ ಅಲುಗಿಸಿದಾಗ ಇನ್ನೂ ನಡುಗುತ್ತಿರುವಾಗಲೇ ತೆಗೆಯಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗ 71ರಿಂದ 74 ಡಿಗ್ರಿ ತೋರಿಸಿದರೆ ಸಾಕು. ಮೊಟ್ಟೆಯ ಸುರಕ್ಷತೆಗೂ ಅಷ್ಟು ಬೇಕು. ಓವನ್ನಿನ ಬಿಸಿ 150ರಿಂದ 160 ಡಿಗ್ರಿ. ಕೇಕಿನ ಪಾತ್ರೆಯನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟರೆ ಅಂಚಿಗೆ 100 ಡಿಗ್ರಿಗಿಂತ ಹೆಚ್ಚು ಶಾಖ ತಾಗುವುದಿಲ್ಲ.

ಓವನ್ ಇಲ್ಲದವರು ಕುಕ್ಕರಿಗೆ ಉಪ್ಪು ಸುರಿದು, ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು ಕೇಕ್ ಮಾಡುವುದು ರೂಢಿ. ಮೈದಾ ಕೇಕಿಗೆ ಅದು ಸರಿ, ಇದಕ್ಕೆ ಆ ಒಣ ಬಿಸಿ ವಿಪರೀತ. ಗಿಣ್ಣು ಬೇಯಿಸುವ ದಾರಿಯೇ ಇದಕ್ಕೂ ಒಗ್ಗುತ್ತದೆ. ಇಡ್ಲಿ ಪಾತ್ರೆಯಲ್ಲಿ ನೀರಿಟ್ಟು, ಕೇಕಿನ ಪಾತ್ರೆಗೆ ಫಾಯಿಲ್ ಮುಚ್ಚಿ, ಹಬೆಯ ಹನಿ ಬೀಳದಂತೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಸಣ್ಣ ಉರಿಯಲ್ಲಿ ಬೇಯಿಸಿದರೆ ಆಯಿತು.

ಮೊಟ್ಟೆಯಿಲ್ಲದೆಯೂ ಆಗುತ್ತದೆ ಎಂಬುದು ಸಸ್ಯಾಹಾರಿ ಮನೆಗಳಲ್ಲಿ ಕೇಳಿಬರುವ ಮಾತು. ಮೊಸರು ಹಾಕಿದ ಎಗ್‌ಲೆಸ್ ಕೇಕ್ ನಿಲ್ಲುವುದು ಮೈದಾದ ಬಲದಿಂದ. ಮೈದಾವೂ ಇಲ್ಲ, ಮೊಟ್ಟೆಯೂ ಇಲ್ಲವೆಂದರೆ ಬಿಸಿಗೆ ಗಟ್ಟಿಯಾಗುವ ವಸ್ತುವೇ ಪಾತ್ರೆಯಲ್ಲಿ ಉಳಿಯುವುದಿಲ್ಲ. ಕರಗಿಸಿದ ಚಾಕೊಲೇಟಿಗೆ ಕೆನೆ ಬೆರೆಸಿ ಫ್ರಿಜ್‌ನಲ್ಲಿ ಗಟ್ಟಿ ಮಾಡಿದರೆ ಸೊಗಸಾದ ಸಿಹಿ ಸಿಗುತ್ತದೆ. ಬೇಯಿಸಿದ ಕೇಕ್ ಅದಲ್ಲ.

ಕಾರ್ಬ್ ಕಡಿಮೆಯಾದರೆ ಕ್ಯಾಲರಿಯೂ ಕಡಿಮೆ ಎಂಬ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿ, ಕಾರ್ಬೊಹೈಡ್ರೇಟಿಗೆ 4. ಮೇಲಿನ ಅಳತೆಯ ಕೇಕಿನ ಒಂದು ತೆಳು ಹೋಳಿನಲ್ಲಿ ಸುಮಾರು 240 ಕಿಲೋಕ್ಯಾಲರಿ ಇದೆ, ಎರಡು ಸಾಧಾರಣ ಚಪಾತಿಯಷ್ಟು. ಮಧುಮೇಹ ಇರುವವರು ಇದನ್ನು ಎಷ್ಟಾದರೂ ತಿನ್ನಬಹುದು ಎಂದು ಮನೆಯವರು ಒತ್ತಾಯಿಸಿ ಬಡಿಸುವುದು ಪ್ರೀತಿಯಿಂದಲೇ, ಆದರೆ ಅದು ತಪ್ಪು. ಹೋಳು ಹೆಚ್ಚಿದಷ್ಟೂ ಕಾರ್ಬ್ ಕೂಡುತ್ತದೆ, ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನ ಮಾಡುವುದರಿಂದ ಸಕ್ಕರೆ ತಡವಾಗಿ ಏರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ಇಂಥ ಕೇಕ್ ಮಾತ್ರ ತಿಂದರೆ ಸಕ್ಕರೆ ಅಪಾಯಕರವಾಗಿ ಇಳಿಯಲೂಬಹುದು. ಔಷಧದ ಪ್ರಮಾಣವನ್ನು ವೈದ್ಯರ ಬಳಿ ಕೇಳಿಯೇ ಹೊಂದಿಸಿಕೊಳ್ಳಬೇಕು.

ಕೇಕನ್ನು ಬಿಸಿಬಿಸಿಯಾಗಿ ತಿಂದರೇ ರುಚಿ ಎಂಬುದು ಕೊನೆಯ ತಪ್ಪು. ಕೋಕೋ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ, ಆದ್ದರಿಂದ ಬಿಸಿ ಕೇಕನ್ನು ಕತ್ತರಿಸಿದರೆ ಹೋಳು ನಿಲ್ಲದೆ ಹರಡುತ್ತದೆ. ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟರೆ ಕೊಬ್ಬು ಬಿಗಿದು ಹದಕ್ಕೆ ಬರುತ್ತದೆ. ಬಡಿಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದು, ಚಾಕುವನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡು ಕತ್ತರಿಸಬೇಕು.