ಪತ್ತೇದಾರನ ವೃತ್ತಿಯಲ್ಲಿ ವಿಜ್ಞಾನ

ಪತ್ತೇದಾರಿ ಕಥೆಗಳನ್ನು ಓದಿ ರೋಮಾಂಚನಗೊಳ್ಳದ ವಿದ್ಯಾರ್ಥಿಗಳು ವಿರಳ. ಎನ್. ನರಸಿಂಹಯ್ಯನವರು ಸೃಷ್ಟಿಸಿದ ಪತ್ತೇದಾರ ಪುರುಷೋತ್ತಮನು ಒಂದು ಕಾಲದಲ್ಲಿ ಕನ್ನಡ ವಾಚಕರಿಗೆಲ್ಲ ಪರಿಚಿತನಾಗಿದ್ದನು. ಇಂಥ ಕಥೆಗಳನ್ನು ಓದಿ ಮುಗಿಸಿದ ಮೇಲೆ, “ನಾವೂ ಪತ್ತೇದಾರರಾಗಬಹುದೆ?” ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳುವುದು ಸಹಜವೇ. ಆಗಬಹುದು. ಆದರೆ ಆ ವೃತ್ತಿಗೆ ಬೇಕಾದುದು ಪಿಸ್ತೂಲೂ ಅಲ್ಲ, ಮಾರುವೇಷವೂ ಅಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಅಳತೆ, ಲೆಕ್ಕಾಚಾರ ಮತ್ತು ತಾಳ್ಮೆ. ಅದು ಹೇಗೆಂಬುದನ್ನು ಈಗ ನೋಡೋಣ.

ವೃತ್ತಿಯ ಹುಟ್ಟು

ಖಾಸಗಿ ಪತ್ತೇದಾರಿ ಸಂಸ್ಥೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೇಳಲ್ಪಡುವುದು 1833ರಲ್ಲಿ ಪ್ಯಾರಿಸ್ ನಗರದಲ್ಲಿ ಯುಜೀನ್ ವಿಡೋಕ್ ಎಂಬಾತನು ತೆರೆದ ಕಚೇರಿ. ತಾನೇ ಸೆರೆಮನೆಯ ರುಚಿ ಕಂಡಿದ್ದ ಈತನಿಗೆ ಅಪರಾಧಿಗಳ ರೀತಿನೀತಿಗಳೆಲ್ಲ ಕರತಲಾಮಲಕವಾಗಿದ್ದವು. ಅಮೆರಿಕದಲ್ಲಿ ಇಂಥ ಸಂಸ್ಥೆಯನ್ನು 1850ರ ಸುಮಾರಿಗೆ ಕಟ್ಟಿದವನು ಆಲನ್ ಪಿಂಕರ್ಟನ್. ಸ್ಕಾಟ್ಲೆಂಡಿನಿಂದ ವಲಸೆ ಬಂದ ಈತನ ಕಸುಬು ಪೀಪಾಯಿ ಮಾಡುವುದು. ಮರ ಕಡಿಯಲು ಒಮ್ಮೆ ನದಿಯ ನಡುಗಡ್ಡೆಗೆ ಹೋದಾಗ, ಜನವಸತಿಯಿಲ್ಲದ ಅಲ್ಲಿ ಯಾರೋ ಒಲೆ ಹೂಡಿದ ಗುರುತು ಅವನ ಕಣ್ಣಿಗೆ ಬಿತ್ತು. ಕಾದು ನೋಡಿದ, ಖೋಟಾನಾಣ್ಯ ಮಾಡುವವರ ಗುಂಪೇ ಸಿಕ್ಕಿಬಿತ್ತು. 1856ರಲ್ಲಿ ಈತನ ಸಂಸ್ಥೆಯನ್ನು ಸೇರಿದ ಕೇಟ್ ವಾರ್ನ್, ಅಮೆರಿಕದ ಮೊದಲ ಮಹಿಳಾ ಪತ್ತೇದಾರಳೆಂದು ಪ್ರಸಿದ್ಧಳು. ಬೂದಿಯನ್ನು ನೂರು ಮಂದಿ ನೋಡಬಹುದು, “ಇಲ್ಲಿ ಬೂದಿ ಏಕೆ?” ಎಂದು ಕೇಳುವವನು ಒಬ್ಬ. ಆ ಒಬ್ಬನೇ ಪತ್ತೇದಾರ, ವಿಜ್ಞಾನಿಯೂ ಅವನೇ.

ಸಾಕ್ಷಿಯೂ ಪಂಚಾಂಗವೂ

1858ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಒಂದು ಕೊಲೆಯ ಮೊಕದ್ದಮೆ ನಡೆಯಿತು. ಹಿಂದಿನ ವರ್ಷದ ಆಗಸ್ಟ್ 29ರ ರಾತ್ರಿ ಸುಮಾರು 11 ಗಂಟೆಗೆ, ನೂರೈವತ್ತು ಅಡಿಗಳ ದೂರದಿಂದ, ಬೆಳುದಿಂಗಳಿನಲ್ಲಿ ತಾನು ಘಟನೆಯನ್ನು ಸ್ಪಷ್ಟವಾಗಿ ಕಂಡೆನೆಂದು ಸಾಕ್ಷಿಯೊಬ್ಬನು ನುಡಿದನು. ಆಪಾದಿತನ ವಕೀಲರು ಪಂಚಾಂಗವನ್ನು ತರಿಸಿ ತೋರಿಸಿದರು. ಆ ಹೊತ್ತಿನಲ್ಲಿ ಚಂದ್ರನು ದಿಗಂತದ ಸಮೀಪಕ್ಕಿಳಿದಿದ್ದನು. ಅಸ್ತಕ್ಕೆ ಸುಮಾರು ಒಂದೇ ಗಂಟೆ ಉಳಿದಿತ್ತು! ಸಾಕ್ಷ್ಯ ಕುಸಿಯಿತು, ಯುವಕನು ಬಿಡುಗಡೆ ಹೊಂದಿದನು. ಆ ವಕೀಲರು ಮುಂದೆ ಅಮೆರಿಕದ ಅಧ್ಯಕ್ಷರಾದ ಅಬ್ರಹಾಂ ಲಿಂಕನ್.

ಎರಡು ಲೆಕ್ಕಗಳು

ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರರಿಗೆ ದೊರೆಯುವ ಕೆಲಸಗಳೆಂದರೆ ವಧೂವರರ ಪೂರ್ವಾಪರ ವಿಚಾರಣೆ, ನೌಕರರ ಹಿನ್ನೆಲೆಯ ಪರಿಶೀಲನೆ, ಕಾಣೆಯಾದವರ ಶೋಧನೆ, ನಕಲಿ ಸರಕಿನ ಪತ್ತೆ ಮತ್ತು ವಿಮಾ ಪರಿಹಾರದ ತನಿಖೆ. ಇವುಗಳಲ್ಲಿ ಕೊನೆಯದನ್ನು ತೆಗೆದುಕೊಳ್ಳೋಣ. ಮೋಟಾರು ಅಪಘಾತವೊಂದರಲ್ಲಿ ಸಾಕ್ಷಿಯು, “ನೂರು ಮೀಟರು ದೂರದಿಂದ ಕಾರಿನ ನಂಬರನ್ನು ಓದಿದೆ” ಎನ್ನುತ್ತಾನೆಂದು ಭಾವಿಸೋಣ. ಕಾರಿನ ಫಲಕದ ಅಕ್ಷರದ ಗೆರೆಯ ದಪ್ಪ ನಿಯಮದಂತೆ 10 ಮಿಲಿಮೀಟರು. ಸಾಮಾನ್ಯ ದೃಷ್ಟಿಯ ಕಣ್ಣು ಬಿಡಿಸಿ ನೋಡಬಲ್ಲ ಕನಿಷ್ಠ ಕೋನ ಸುಮಾರು ಒಂದು ಮಿನಿಟು, ಅಂದರೆ ಒಂದು ಅಂಶದ ಅರವತ್ತನೆಯ ಒಂದು ಭಾಗ. 10 ಮಿಲಿಮೀಟರಿನ ಗೆರೆಯು ಈ ಕೋನವನ್ನು ಉಂಟುಮಾಡುವುದು ಸುಮಾರು 34 ಮೀಟರು ದೂರದಲ್ಲಿ. ಅದಕ್ಕಿಂತ ದೂರ ಹೋದಂತೆಲ್ಲ ಗೆರೆಗಳು ಒಂದರೊಡನೊಂದು ಬೆರೆಯತೊಡಗುತ್ತವೆ. ಸಾಕ್ಷಿಯು ಬೇಕೆಂದೇ ಸುಳ್ಳಾಡುತ್ತಿರಬೇಕಾಗಿಲ್ಲ. ಆದರೆ ಅವನ ಮಾತನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ.

ಇನ್ನು ಚಾಲಕನ ಹೇಳಿಕೆ: “ನನ್ನ ವೇಗ ಗಂಟೆಗೆ 30 ಕಿಲೋಮೀಟರು ಮಾತ್ರ.” ರಸ್ತೆಯ ಮೇಲೆ ಬ್ರೇಕು ಹಾಕಿದ ಚಕ್ರಗಳು ಉಜ್ಜಿದ ಗುರುತು 20 ಮೀಟರು ಉದ್ದವಿದೆ. ವಾಹನದ ಚಲನಶಕ್ತಿಯೆಲ್ಲ ಘರ್ಷಣೆಗೆ ವ್ಯಯವಾಯಿತೆಂದು ಸಮೀಕರಣ ಬರೆದರೆ ದ್ರವ್ಯರಾಶಿಯು ಎರಡು ಕಡೆಯಿಂದಲೂ ಬಿದ್ದುಹೋಗುತ್ತದೆ. ಆಗ ವೇಗದ ವರ್ಗವು ಘರ್ಷಣಾಂಕ, ಗುರುತ್ವವೇಗೋತ್ಕರ್ಷ ಮತ್ತು ಗುರುತಿನ ಉದ್ದ, ಇವುಗಳ ಗುಣಲಬ್ಧದ ಎರಡರಷ್ಟಾಗುತ್ತದೆ. ಒಣಗಿದ ಡಾಂಬರು ರಸ್ತೆಗೆ ಘರ್ಷಣಾಂಕ ಸುಮಾರು 0.7 ಎಂದಿಟ್ಟುಕೊಂಡರೆ, ವೇಗ ಸೆಕೆಂಡಿಗೆ 16.6 ಮೀಟರು, ಅಂದರೆ ಗಂಟೆಗೆ ಸುಮಾರು 60 ಕಿಲೋಮೀಟರು. ಚಾಲಕ ಹೇಳಿದ ವೇಗಕ್ಕೆ ಗುರುತು 5 ಮೀಟರಿನಷ್ಟೇ ಇರಬೇಕಾಗಿತ್ತು.

ಆದರೆ ಇಲ್ಲಿಗೇ ನಿಲ್ಲುವವನು ಒಳ್ಳೆಯ ಪತ್ತೇದಾರನಲ್ಲ. ಅಂದು ಮಳೆ ಬಂದಿತ್ತೆ? ನೆನೆದ ರಸ್ತೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿದಿದ್ದರೆ, ಅದೇ ಗುರುತು ಗಂಟೆಗೆ 45 ಕಿಲೋಮೀಟರನ್ನು ಸೂಚಿಸುತ್ತದೆ. ಗುರುತಿನ ಕೊನೆಯಲ್ಲಿ ಡಿಕ್ಕಿಯಾಗಿದ್ದರೆ, ನಿಜವಾದ ವೇಗ ಲೆಕ್ಕಕ್ಕಿಂತ ಹೆಚ್ಚು. ಒಂದು ಕುಟುಂಬಕ್ಕೆ ದೊರೆಯುವ ಪರಿಹಾರವೂ ಒಬ್ಬ ಚಾಲಕನ ಜೀವನೋಪಾಯವೂ ಈ ಅಂಕಿಗಳ ಮೇಲೆ ನಿಂತಿರುತ್ತವೆ. ಆದುದರಿಂದ ಲೆಕ್ಕದ ಜೊತೆಗೆ ಅದರ ಅನಿಶ್ಚಿತತೆಯನ್ನೂ ವರದಿಯಲ್ಲಿ ಬರೆಯುವುದು ಪತ್ತೇದಾರನ ಧರ್ಮ.

ಕಾನೂನಿನ ಎಲ್ಲೆ

ಭಾರತದಲ್ಲಿ ಖಾಸಗಿ ಪತ್ತೇದಾರರಿಗೆಂದೇ ಪ್ರತ್ಯೇಕ ಪರವಾನಗಿಯ ಕಾನೂನಿಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲ್ಪಟ್ಟ ಮಸೂದೆಯು ಶಾಸನವಾಗಲಿಲ್ಲ. ಹಾಗೆಂದು ಈ ವೃತ್ತಿ ನಿರಂಕುಶವೆಂದು ಭಾವಿಸಬಾರದು. ಪತ್ತೇದಾರನಿಗೆ ಸಾಮಾನ್ಯ ಪ್ರಜೆಗಿರುವುದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲ. ಮನೆ ಶೋಧಿಸುವಂತಿಲ್ಲ, ಪೋಲೀಸನೆಂದು ಹೇಳಿಕೊಳ್ಳುವಂತಿಲ್ಲ, ದೂರವಾಣಿಯನ್ನು ಕದ್ದಾಲಿಸುವಂತಿಲ್ಲ. ದೂರವಾಣಿ ಕರೆಗಳ ದಾಖಲೆಗಳನ್ನು ಅಕ್ರಮವಾಗಿ ಪಡೆದ ಆರೋಪದ ಮೇಲೆ 2018ರಲ್ಲಿ ಮಹಾರಾಷ್ಟ್ರದ ಠಾಣೆಯ ಪೋಲೀಸರು ಹಲವು ಪತ್ತೇದಾರರನ್ನು ಬಂಧಿಸಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ತೀರ್ಪಿತ್ತಿದೆ. ಹಣ ಕೊಡುವ ಗಿರಾಕಿಯ ಕುತೂಹಲಕ್ಕಿಂತ ಈ ಹಕ್ಕು ದೊಡ್ಡದು.

ಸಿದ್ಧತೆ

ಈ ದಾರಿಯಲ್ಲಿ ಹೊರಡುವವರು ಏನು ಮಾಡಬೇಕು? ಮೊದಲು ಯಾವುದಾದರೊಂದು ವಿಷಯದಲ್ಲಿ ಪದವಿ ಪಡೆಯುವುದು ಲೇಸು: ವಿಜ್ಞಾನ, ಕಾನೂನು, ವಾಣಿಜ್ಯ, ಯಾವುದಾದರೂ ಸರಿಯೇ. ನ್ಯಾಯವಿಜ್ಞಾನದಲ್ಲಿ ಆಸಕ್ತಿಯುಳ್ಳವರಿಗೆ ಗಾಂಧಿನಗರದಲ್ಲಿರುವ ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾಲಯವಿದೆ. ಅದರ ಒಂದು ಶಾಖೆ ನಮ್ಮ ಧಾರವಾಡದಲ್ಲಿದೆ. ಅನಂತರ ಅನುಭವಿಗಳ ಕೈಕೆಳಗೆ ಕೆಲವು ವರ್ಷ ದುಡಿಯಬೇಕು. ಬಹಿರಂಗ ದಾಖಲೆಗಳನ್ನು ಓದಲು ಕಲಿಯಬೇಕು. ಪಹಣಿ, ಋಣಭಾರ ಪತ್ರ, ಕಂಪೆನಿಗಳ ನೋಂದಣಿ, ನ್ಯಾಯಾಲಯಗಳ ಆದೇಶ ಇವೆಲ್ಲ ಕಾನೂನುಬದ್ಧವಾಗಿ ದೊರೆಯುವ ಮಾಹಿತಿಯ ಗಣಿಗಳು. ಗಣಕಜ್ಞಾನವೂ ಅಗತ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ, ವಿದ್ಯುನ್ಮಾನ ದಾಖಲೆಯೊಡನೆ ಕೊಡುವ ಪ್ರಮಾಣಪತ್ರದಲ್ಲಿ ಅದರ ‘ಹ್ಯಾಷ್’ ಸಂಖ್ಯೆಯನ್ನು ನಮೂದಿಸಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಈ ಸಂಖ್ಯೆ ಬೇರೆಯಾಗುವುದರಿಂದ, ತಿದ್ದುವಿಕೆ ತಟ್ಟನೆ ಗೊತ್ತಾಗುತ್ತದೆ.

ಅಭ್ಯಾಸವನ್ನು ಇಂದೇ ಆರಂಭಿಸಲು ಅಡ್ಡಿಯಿಲ್ಲ. ಸುರಕ್ಷಿತವಾದ ಜಾಗದಲ್ಲಿ ನಿಂತ ಕಾರಿನ ನಂಬರನ್ನು ಎಷ್ಟು ದೂರದಿಂದ ಓದಬಲ್ಲಿರೆಂದು ಗೆಳೆಯರೊಡನೆ ಅಳೆದು ನೋಡಿ. ಹಗಲಿನಲ್ಲಿ ಒಮ್ಮೆ, ಮುಸ್ಸಂಜೆಯಲ್ಲಿ ಒಮ್ಮೆ. ಬಂದ ಅಂಕಿಗಳನ್ನು ದಿನಾಂಕಸಹಿತ ಬರೆದಿಡಿ. ಮೇಲೆ ಹೇಳಿದ 34 ಮೀಟರಿಗೂ ನಿಮ್ಮ ಅಳತೆಗೂ ವ್ಯತ್ಯಾಸ ಕಂಡರೆ, ಅದಕ್ಕೆ ಕಾರಣವೇನೆಂಬುದೇ ನಿಮ್ಮ ಮೊದಲನೆಯ ಪತ್ತೇದಾರಿಕೆ.