ಮದ್ದು, ಕೋವಿ, ಫಿರಂಗಿ: ಸಿಡಿಮದ್ದಿನ ಆಯುಧಗಳ ಚರಿತ್ರೆ ಮತ್ತು ಕನ್ನಡ ಪದಗಳ ಸಾಕ್ಷ್ಯ

ಸಿಡಿಮದ್ದಿನ ಆಯುಧಗಳು ದಖ್ಖನಿಗೆ ಯಾವಾಗ ಬಂದವು, ಯಾರ ಮೂಲಕ ಬಂದವು ಎಂಬುದು ಮೇಲ್ನೋಟಕ್ಕೆ ಇತಿಹಾಸಕಾರರ ಪ್ರಶ್ನೆ. ಆದರೆ ಹಳೆಯ ಕಾವ್ಯಗಳ ಕಾಲನಿರ್ಣಯ ಮಾಡಬೇಕಾದ ಸಾಹಿತ್ಯದ ವಿದ್ಯಾರ್ಥಿಗೂ ಅದು ಅಷ್ಟೇ ಅಗತ್ಯವಾದುದು. ಹಸ್ತಪ್ರತಿಯೊಂದರ ಯುದ್ಧವರ್ಣನೆಯಲ್ಲಿ ‘ತುಪಾಕಿ’ ಎಂಬ ಮಾತು ಕಾಣಿಸಿಕೊಂಡರೆ ಆ ಪದ್ಯದ ಕಾಲಕ್ಕೆ ಒಂದು ಮೇಲ್ಮಿತಿ ದೊರೆತಂತಾಗುತ್ತದೆ. ಪದ್ಯದ ಕಾಲಕ್ಕೆ ಮಾತ್ರ, ಇಡೀ ಕಾವ್ಯದ ಕಾಲಕ್ಕಲ್ಲ. ಪ್ರತಿ ಮಾಡಿದವನು ತನ್ನ ಕಾಲದ ಆಯುಧವನ್ನು ಹಳೆಯ ವೀರನ ಕೈಯಲ್ಲಿ ಇಟ್ಟಿರುವ ಸಾಧ್ಯತೆ ಯಾವಾಗಲೂ ಉಂಟು. ಆದ್ದರಿಂದ ಆಯುಧದ ಚರಿತ್ರೆಯನ್ನೂ ಪದದ ಚರಿತ್ರೆಯನ್ನೂ ಜೊತೆಯಾಗಿ ಓದುವುದು ಕ್ಷೇಮ.

ಮೊದಲಿಗೆ ಮದ್ದು. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲುಗಳ ಮಿಶ್ರಣವೇ ಸಿಡಿಮದ್ದು. ಇದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೆಟ್ಲುಪ್ಪೇ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ಒದಗಿಸುವುದರಿಂದ ಹೊರಗಿನ ಗಾಳಿಯ ನೆರವಿಲ್ಲದೆ, ಮುಚ್ಚಿದ ಕೊಳವೆಯೊಳಗೂ ಮದ್ದು ಹೊತ್ತಿಕೊಳ್ಳುತ್ತದೆ. ಹಾಗೆ ಹೊತ್ತಿದಾಗ ಹುಟ್ಟುವ ಅನಿಲದ ಒತ್ತಡವೇ ಗುಂಡನ್ನು ಹೊರದೂಡುವ ಶಕ್ತಿ. ಈ ಮಿಶ್ರಣವನ್ನು ಕಂಡುಕೊಂಡವರು ಚೀನೀಯರು. ಅಲ್ಲಿ ೧೦೪೪ರಲ್ಲಿ ಸಿದ್ಧವಾದ ಸೈನಿಕ ಗ್ರಂಥವೊಂದರಲ್ಲಿ ಇದರ ಪಾಕಗಳು ದಾಖಲಾಗಿವೆ. ಚೀನೀ ಭಾಷೆಯಲ್ಲಿ ಇದರ ಹೆಸರು ‘ಹುವೊ ಯಾವ್’, ಎಂದರೆ ಬೆಂಕಿಯ ಔಷಧ. ರಸವಾದಿಗಳ ಔಷಧಶಾಲೆಯಲ್ಲಿ ಹುಟ್ಟಿದ ವಸ್ತುವಿಗೆ ಅದು ಸಹಜವಾದ ಹೆಸರು. ವಿಸ್ಮಯವೆಂದರೆ ಪಾರಸಿಯ ‘ದಾರೂ’ ಎಂಬುದಕ್ಕೂ ಔಷಧವೆಂಬುದೇ ಮೂಲ ಅರ್ಥ. ಮುಂಬಯಿ, ಪುಣೆಗಳ ಕನ್ನಡಿಗರಿಗೆ ಪರಿಚಿತವಾದ ಮರಾಠಿಯ ‘ದಾರೂಗೋಳಾ’ ಎಂಬ ಸಮಾಸದಲ್ಲಿ ಅದು ಸಿಡಿಮದ್ದಾಗಿದೆ. ಬಿಡಿಯಾಗಿ ನಿಂತಾಗ ಹೆಂಡವೂ ಆಗುತ್ತದೆ. ಕನ್ನಡದ ‘ಮದ್ದುಗುಂಡು’ ಅದಕ್ಕೆ ಸರಿಸಮನಾದ ಪದ. ಮದ್ದು ಎಂದರೆ ಔಷಧವೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ತೆಲುಗಿನ ‘ಮಂದು’ವಿಗೂ ಈ ಎರಡು ಅರ್ಥಗಳಿವೆ. ಒಂದು ಭಾಷೆ ಇನ್ನೊಂದರಿಂದ ಶಬ್ದವನ್ನು ಪಡೆಯದೆ ಅದರ ಹಿಂದಿನ ಕಲ್ಪನೆಯನ್ನು ಮಾತ್ರ ಪಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಚಿತ್ರದುರ್ಗದ ಕೋಟೆಯಲ್ಲಿ ಇಂದಿಗೂ ಕಾಣುವ ಭಾರಿ ಗಾತ್ರದ ಬೀಸುಗಲ್ಲುಗಳನ್ನು ಜನರು ‘ಮದ್ದು ಬೀಸುವ ಕಲ್ಲು’ ಎಂದೇ ಕರೆಯುತ್ತಾರೆ.

ಪ್ರಾಚೀನ ಭಾರತದಲ್ಲಿಯೇ ಬಂದೂಕುಗಳಿದ್ದವೆಂಬ ವಾದವೊಂದು ಬಹುಕಾಲ ಪ್ರಚಾರದಲ್ಲಿತ್ತು. ೧೮೮೦ರಲ್ಲಿ ಗುಸ್ತಾವ್ ಓಪರ್ಟ್ ‘ಶುಕ್ರನೀತಿ’ಯ ಆಧಾರದ ಮೇಲೆ ಇದನ್ನು ಮಂಡಿಸಿದರು. ಆ ಗ್ರಂಥದಲ್ಲಿ ನಾಲಿಕಾಯುಧದ ವಿವರಗಳೂ ಮದ್ದಿನ ಪಾಕವೂ ಇವೆಯೆಂಬುದು ನಿಜ. ಆದರೆ ಗ್ರಂಥವೇ ಬಹಳ ಈಚಿನದೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ‘ನಾಲಿಕ’, ‘ಶತಘ್ನಿ’ ಮುಂತಾದ ಹಳೆಯ ಶಬ್ದಗಳಿಗೆ ಹೊಸ ಅರ್ಥವನ್ನು ತುಂಬಿ ಓದುವ ಚಪಲ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಬಹಮನಿ ಸುಲ್ತಾನರು ೧೪ನೆಯ ಶತಮಾನದ ಉತ್ತರಾರ್ಧದಲ್ಲಿಯೇ ವಿಜಯನಗರದ ವಿರುದ್ಧ ತೋಪುಗಳನ್ನು ಬಳಸಿದರೆಂಬ ಫಿರಿಶ್ತನ ಹೇಳಿಕೆಯನ್ನೂ ಇದೇ ಎಚ್ಚರದಿಂದ ನೋಡಬೇಕು. ಬಿಜಾಪುರದಲ್ಲಿ ಕುಳಿತು ಬರೆದ ಆತನ ಕಾಲ ೧೭ನೆಯ ಶತಮಾನದ ಆರಂಭ. ತನ್ನ ಸುತ್ತ ಕಂಡ ತೋಪುಗಳನ್ನು ಆತ ಎರಡೂವರೆ ಶತಮಾನ ಹಿಂದಕ್ಕೆ ಒಯ್ದಿರಬಹುದು. ಬಾಣಬಿರುಸುಗಳ ಮಾತು ಬೇರೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಉತ್ಸವದ ಬಿರುಸುಗಳನ್ನು ಕಂಡು ಬರೆದಿದ್ದಾನೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ಪಿ. ಕೆ. ಗೋಡೆಯವರು ಈ ಬಗೆಯ ಉಲ್ಲೇಖಗಳನ್ನು ಶ್ರಮವಹಿಸಿ ಕಲೆಹಾಕಿದ್ದಾರೆ. ಮದ್ದಿನ ಪರಿಚಯವಿದ್ದಮಾತ್ರಕ್ಕೆ ಬಂದೂಕಿನ ಪರಿಚಯವಿತ್ತೆಂದು ತಿಳಿಯಬೇಕಾಗಿಲ್ಲ.

ಬಂದೂಕು ಮತ್ತು ತೋಪುಗಳು ದಖ್ಖನಿಗೆ ಎರಡು ದಾರಿಗಳಿಂದ ಬಂದವು. ಒಂದು, ತುರುಕ ಮತ್ತು ಪಾರಸೀಕ ಕುಶಲಿಗಳು ಸುಲ್ತಾನರ ಆಸ್ಥಾನಗಳಿಗೆ ತಂದ ವಿದ್ಯೆ. ಇನ್ನೊಂದು, ೧೪೯೮ರಲ್ಲಿ ಮಲಬಾರಿಗೆ ಬಂದು ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರದು. ಮೊದಲ ದಾರಿಯ ಗುರುತುಗಳು ಕನ್ನಡದಲ್ಲಿ ನಿಚ್ಚಳವಾಗಿವೆ. ‘ತೋಪು’ ಎಂಬುದು ತುರ್ಕಿಯ ‘ತೋಪ್’. (ಮಾವಿನ ತೋಪಿನ ‘ತೋಪು’ ಬೇರೆ, ಸ್ಥಳನಾಮಗಳನ್ನು ವಿವೇಚಿಸುವವರು ಇವೆರಡನ್ನು ಕಲಸಬಾರದು.) ‘ತುಪಾಕಿ’ಯ ಮೂಲ ತುರ್ಕಿಯ ‘ತುಫೆಕ್’; ಅದಕ್ಕೆ ಮೊದಲಿದ್ದ ಅರ್ಥ ಉಂಡೆಯಿಟ್ಟು ಬಾಯಿಂದ ಊದಿ ಹೊಡೆಯುವ ಕೊಳವೆ. ‘ಬಂದೂಕು’ ಅರಬ್ಬಿಯ ‘ಬುಂದುಕ್’ನಿಂದ ಬಂದದ್ದು, ಅದು ಮೊದಲು ಒಂದು ಬಗೆಯ ಕಾಯಿ, ಆಮೇಲೆ ಅದರ ಆಕಾರದ ಗುಂಡು, ಕೊನೆಗೆ ಗುಂಡನ್ನು ಹಾರಿಸುವ ಸಾಧನ. ಇವುಗಳ ನಡುವೆ ‘ಕೋವಿ’ ಮಾತ್ರ ದೇಶ್ಯ. ಕಿಟ್ಟೆಲ್ ನಿಘಂಟು ಅದಕ್ಕೆ ಕೊಳವೆಯೆಂಬ ಅರ್ಥವನ್ನೂ ಕೊಡುತ್ತದೆ. ತುರುಕನು ಯಾವ ಆಕಾರವನ್ನು ನೋಡಿ ಹೆಸರಿಟ್ಟನೋ ಕನ್ನಡಿಗನೂ ಅದನ್ನೇ ನೋಡಿದನು. ‘ಗುಂಡು’ ಸಹ ದುಂಡುಗಲ್ಲಿಗೆ ಮೊದಲೇ ಇದ್ದ ಹೆಸರು.

ಎರಡನೆಯ ದಾರಿಯ ಪ್ರಭಾವ ಮೊದಲು ಸ್ಪಷ್ಟವಾಗಿ ಕಾಣುವುದು ೧೫೨೦ರ ರಾಯಚೂರು ಕದನದಲ್ಲಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನ ವರದಿಯಂತೆ ಇಸ್ಮಾಯಿಲ್ ಆದಿಲ್‌ಶಾಹನು ತನ್ನ ತೋಪುಗಳ ಮೇಲೆಯೇ ಭರವಸೆಯಿಟ್ಟು ಕೃಷ್ಣೆಯನ್ನು ದಾಟಿದನು. ತೋಪುಗಳ ಮೊದಲ ಹೊಡೆತಕ್ಕೆ ವಿಜಯನಗರದ ಸೇನೆ ತತ್ತರಿಸಿತು. ಕೃಷ್ಣದೇವರಾಯನು ಅದನ್ನು ಮತ್ತೆ ಕೂಡಿಸಿ ಮುನ್ನುಗ್ಗಿ ಗೆದ್ದನು. ಸೋತವನ ೪೦೦ ದೊಡ್ಡ ತೋಪುಗಳು ಕೈವಶವಾದವೆಂದು ನೂನಿಜ್ ಬರೆಯುತ್ತಾನೆ. ಅಂಕಿಯನ್ನು ಹಾಗೆಯೇ ನಂಬಬೇಕಾಗಿಲ್ಲವಾದರೂ, ತೋಪುಗಳಿದ್ದ ಪಕ್ಷ ಬಯಲಿನಲ್ಲಿ ಸೋತಿತೆಂಬುದು ಗಮನಾರ್ಹ. ಒಮ್ಮೆ ಹೊಡೆದ ತೋಪಿಗೆ ಮತ್ತೆ ಮದ್ದು ತುಂಬಲು ತಗಲುತ್ತಿದ್ದ ಹೊತ್ತು ಕುದುರೆಪಡೆಗೆ ಸಾಕಾಗುತ್ತಿತ್ತು. ಕೋಟೆಯ ಮುತ್ತಿಗೆಯಲ್ಲಿ ಮಾತ್ರ ಫಲಿತಾಂಶ ಬೇರೆಯಾಯಿತು. ಕ್ರಿಸ್ತೊವಾವ್ ದ ಫಿಗೆರೇದೊ ಎಂಬವನ ಜೊತೆಗಿದ್ದ ಇಪ್ಪತ್ತು ಮಂದಿ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆಯುತ್ತಿರಲು, ರಾಯನ ಜನರು ಬುಡದಲ್ಲಿ ನಿಂತು ಕಲ್ಲು ಕಿತ್ತರು. ಭಾರತದ ಬಂದೂಕಿನ ಕಥೆಯನ್ನು ೧೫೨೬ರ ಪಾಣಿಪತ್ತಿನಿಂದ ಆರಂಭಿಸುವ ಪಠ್ಯಪುಸ್ತಕಗಳು ಇದಕ್ಕೆ ಆರು ವರ್ಷ ಮೊದಲಿನ ರಾಯಚೂರನ್ನು ಮರೆತಿರುತ್ತವೆ.

ತೋಪುಗಳನ್ನು ಮಾಡುವ ವಿಧಾನಗಳೂ ಎರಡಿದ್ದವು. ಬಿಜಾಪುರದ ‘ಮಲಿಕ್-ಇ-ಮೈದಾನ್’ ಎರಕದ ತೋಪು. ೧೫೪೯ರಲ್ಲಿ ಅಹಮದ್‌ನಗರದಲ್ಲಿ ಇದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ‘ರೂಮಿ’ ಎಂದರೆ ತುರುಕರ ಸೀಮೆಯವನು. ಸುಮಾರು ೫೫ ಟನ್ ತೂಕದ ಈ ತೋಪಿನ ಬಾಯಿ ಆನೆಯನ್ನು ಕಚ್ಚಿ ಹಿಡಿದ ಮೃಗದ ಆಕಾರದಲ್ಲಿದೆ. ೧೬೩೨ರಲ್ಲಿ ಪರಾಂಡೆಯಿಂದ ಬಿಜಾಪುರಕ್ಕೆ ಬಂದ ಇದನ್ನು ೧೮೫೪ರಲ್ಲಿ ಹಳೆಯ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಅತ್ಯಧಿಕ ಬೆಲೆ ೧೫೦ ರೂಪಾಯಿ! ಬೆಲೆ ತೀರ ಕಡಿಮೆಯಾಯಿತೆಂದು ಮಾರಾಟ ನಿಂತು ತೋಪು ಉಳಿಯಿತು. ಅದೇ ಊರಿನ ಉಪ್ಪಲಿ ಬುರುಜಿನ ಮೇಲಿರುವ ೩೦ ಅಡಿಗೂ ಮೀರಿದ ತೋಪು ಮಾತ್ರ ಕಮ್ಮಾರರ ಕೆಲಸ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾದ ಬಳೆಗಳನ್ನು ತೊಡಿಸಿ ಬೆಸೆದದ್ದು. ಹೈದರಾಬಾದಿನಲ್ಲಿ ಎರಕದ ಕಾರ್ಖಾನೆಯೊಂದರ ನೆನಪು ಬಡಾವಣೆಯ ಹೆಸರಿನಲ್ಲಿಯೇ ಇದೆ. ಗನ್‌ಫೌಂಡ್ರಿ ಎಂಬುದು ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಾಂಡನ ತೋಪಿನ ಕಾರ್ಖಾನೆಯಿಂದ ಬಂದ ಹೆಸರು.

ಪೋರ್ಚುಗೀಸರು ಕನ್ನಡಕ್ಕೆ ಪಾದ್ರಿ, ಚಾವಿ, ಅಲಮಾರು, ಬಟಾಟೆಗಳನ್ನು ಕೊಟ್ಟರು. ಬಂದೂಕಿಗೆ ಅವರಲ್ಲಿದ್ದ ‘ಎಸ್ಪಿಂಗಾರ್ದ’ ಎಂಬ ಪದ ಮಾತ್ರ ಇಲ್ಲಿ ಬೇರೂರಲಿಲ್ಲ. ಆ ಸ್ಥಾನವನ್ನು ತುರ್ಕಿ ಪದಗಳು ಆಗಲೇ ತುಂಬಿದ್ದವು. ಉಳಿದದ್ದು ಅವರನ್ನು ಕರೆಯುತ್ತಿದ್ದ ಹೆಸರು. ಯುರೋಪಿನವರಿಗೆ ಪಾರಸಿಯಲ್ಲಿ ಸಲ್ಲುತ್ತಿದ್ದ ‘ಫರಂಗಿ’ ಎಂಬುದು ದಕ್ಷಿಣದಲ್ಲಿ ಅವರು ತಂದುದಕ್ಕೆಲ್ಲ ಅಂಟಿಕೊಂಡಿತು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದು ತೋಪು. ಚೆನ್ನೈ ಕನ್ನಡಿಗರು ಕೇಳುವ ತಮಿಳಿನಲ್ಲಿ ‘ಪೀರಂಗಿ’. ಮರಾಠಿಯಲ್ಲಾದರೋ ‘ಫಿರಂಗ’ ಎಂದರೆ ಯುರೋಪಿನ ಅಲಗಿನ ನೀಳವಾದ ಕತ್ತಿ. ಆದ್ದರಿಂದ ಮರಾಠಿ ಬಖರಿನಲ್ಲಿ ಈ ಪದವನ್ನು ಕಂಡ ಕನ್ನಡ ಸಂಶೋಧಕನು ತೋಪೆಂದು ಅನುವಾದಿಸಿದರೆ ಖಡ್ಗಯುದ್ಧವೇ ತೋಪಿನ ಯುದ್ಧವಾಗಿಬಿಡುತ್ತದೆ. ‘ಭಾವಪ್ರಕಾಶ’ದಂಥ ವೈದ್ಯಗ್ರಂಥದಲ್ಲಿ ‘ಫಿರಂಗ’ ಒಂದು ರೋಗ. ಮೈಸೂರು ಸೀಮೆಯ ಹಿತ್ತಿಲಿನಲ್ಲಿ ‘ಪರಂಗಿ’ ಒಂದು ಹಣ್ಣು.

ಕೋವಿಯ ಮುಂದಿನ ಬೆಳವಣಿಗೆಯೆಲ್ಲ ಮದ್ದಿಗೆ ಬೆಂಕಿ ಹೊತ್ತಿಸುವ ಉಪಾಯದ ಬೆಳವಣಿಗೆಯೇ. ಮೊದಲಿಗೆ ಪೆಟ್ಲುಪ್ಪಿನಲ್ಲಿ ನೆನೆಸಿದ ಹೊಸೆದ ಬತ್ತಿ. ಅದು ಮಳೆಯಲ್ಲಿ ಆರುತ್ತಿತ್ತು, ಇರುಳಿನಲ್ಲಿ ಹೊಳೆದು ಬಂದೂಕುಗಾರನ ತಾಣವನ್ನು ತೋರಿಸಿಕೊಡುತ್ತಿತ್ತು. ಆಮೇಲೆ ಉಕ್ಕಿಗೆ ಬಡಿದು ಕಿಡಿ ಹಾರಿಸುವ ಚಕಮಕಿ ಕಲ್ಲು. ‘ಚಕಮಕಿ’ಯೂ ತುರ್ಕಿ ಮೂಲದ್ದೇ. ಕಲ್ಲು ಹೋಗಿ ತೋಟಾ ಬಂದು ಒಂದೂವರೆ ಶತಮಾನ ಕಳೆದರೂ ಕನ್ನಡ ಪತ್ರಿಕೆಗಳಲ್ಲಿ ‘ಗುಂಡಿನ ಚಕಮಕಿ’ ನಿಂತಿಲ್ಲ.

‘ಬಾಣ’ದ ವಿಷಯ ಹೆಚ್ಚು ತೊಡಕಿನದು. ೧೮ನೆಯ ಶತಮಾನದ ಮೈಸೂರಿನಲ್ಲಿ ಬಾಣವೆಂದರೆ ಬಿಲ್ಲಿನ ಅಂಬೂ ಹೌದು, ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸುವ ರಾಕೆಟ್ಟೂ ಹೌದು. ಹೈದರ್ ಮತ್ತು ಟಿಪ್ಪುವಿನ ಸೇನೆಗಳು ೧೭೮೦ರ ಪೊಳ್ಳಿಲೂರು ಕದನದಲ್ಲಿ ಇವನ್ನು ಬಳಸಿದವು. ಶ್ರೀರಂಗಪಟ್ಟಣದ ಪತನಾನಂತರ ಇವುಗಳ ಮಾದರಿಗಳು ಇಂಗ್ಲೆಂಡಿಗೆ ಹೋಗಿ ಕಾಂಗ್ರೀವನ ರಾಕೆಟ್ಟಿಗೆ ಪ್ರೇರಣೆಯಾದವು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳು ಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದವು. ಅಂದಿನ ಪತ್ರಗಳನ್ನೂ ಲಾವಣಿಗಳನ್ನೂ ಓದುವಾಗ ‘ಬಾಣ’ ಯಾವುದೆಂಬುದನ್ನು ಸಂದರ್ಭವೇ ಹೇಳಬೇಕು.

೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಆಜ್ಞೆಯೊಂದಿಗೆ ಈ ಚರಿತ್ರೆ ಹೊಸದೊಂದು ಘಟ್ಟವನ್ನು ಪ್ರವೇಶಿಸುತ್ತದೆ. ಮುಧೋಳದ ಬಳಿಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ಆ ನವೆಂಬರಿನಲ್ಲಿ ಸೇನೆ ಊರಿಗೆ ಬೆಂಕಿಯಿಟ್ಟಿತು. ಫ್ಲೀಟ್ ಪ್ರಕಟಿಸಿದ ಲಾವಣಿಯ ಮೂಲಕ ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ಈ ಪ್ರಸಂಗ ಗೊತ್ತು. ಅದನ್ನು ಸ್ವಾತಂತ್ರ್ಯದ ಹಾಡೆಂದು ಪಾಠ ಹೇಳುವಾಗ, ಬೇಟೆಯೇ ಬದುಕಾದವರ ಕೈಯಿಂದ ಆಯುಧ ಕಸಿದರೆ ಅವರಿಗೆ ಉಳಿಯುವುದೇನು ಎಂಬ ಸರಳವಾದ ಸಂಗತಿ ಮರೆಯಾಗುವುದುಂಟು. ೧೮೭೮ರ ಶಸ್ತ್ರಾಸ್ತ್ರ ಕಾನೂನಿನ ಮೂಲಕ ಪರವಾನಗಿ ದೇಶಕ್ಕೆಲ್ಲ ಕಡ್ಡಾಯವಾಯಿತು. ಕೊಡವರಿಗೆ ಮಾತ್ರ ಬ್ರಿಟಿಷರು ಕೊಟ್ಟ ವಿನಾಯಿತಿ ಇಂದಿಗೂ ಮುಂದುವರಿದಿದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಗಳಿಗೆ ವಿಸ್ತರಿಸಿತು. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಿನ ಮನೆಯಲ್ಲಿ ಎರಡು ಗುಂಡು ಹಾರಿಸುವುದು ಅಲ್ಲಿನ ಸಂಪ್ರದಾಯ. ಕನ್ನಡದವರು ಇದನ್ನೆಲ್ಲ ‘ಕೊಡಗಿನ ಕೋವಿ’ ಎಂದು ಬರೆದರೂ ಕೊಡವ ನುಡಿಯಲ್ಲಿ ಅದರ ಹೆಸರು ‘ತೋಕ್’. ಮಲೆಯಾಳದ ‘ತೋಕ್ಕ್’ ಅದೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಮುಡಿಸುವ ಕಾಡುಹೂವನ್ನೂ ಅವರು ‘ತೋಕ್ ಪೂ’ ಎಂದೇ ಕರೆಯುತ್ತಾರೆ.